ಮದ್ಯಪಾನ ಮಾಡಿ ವಾಹನ ಚಲಾಯಿಸಿದವರಿಗೆ ಆಪ್ತಸಮಾಲೋಚನೆ: ವಿಧಾನಗಳು ಹಾಗೂ ಸೇವೆ ಪಡೆಯುವ ಬಗೆ

ಮದ್ಯಪಾನ ಮಾಡಿ ವಾಹನ ಚಲಾಯಿಸುವಾಗ ತಪಾಸಣೆಯಲ್ಲಿ ಸಿಕ್ಕಿಬಿದ್ದ ವ್ಯಕ್ತಿಯ ಮುಂದೆ ಎರಡು ವಿಷಯಗಳಿರುತ್ತವೆ. ಮೊದಲನೆಯದು ಕಾನೂನು ಕ್ರಮ. ಎರಡನೆಯದು, ಅದೇ ಕೃತ್ಯ ಮತ್ತೊಮ್ಮೆ ನಡೆಯದಂತೆ ಆ ವ್ಯಕ್ತಿಯ ಕುಡಿತದ ಸ್ವರೂಪವನ್ನು ಅರಿತು ಸರಿಪಡಿಸುವ ಕಾರ್ಯ. ಕಾನೂನು ಕ್ರಮವು ನ್ಯಾಯಾಲಯದಲ್ಲಿ ಮುಗಿಯುತ್ತದೆ; ಎರಡನೆಯ ಕಾರ್ಯವು ಆಪ್ತಸಮಾಲೋಚನೆಯಿಂದ ಆರಂಭವಾಗುತ್ತದೆ.

ಆಪ್ತಸಮಾಲೋಚನೆಯೆಂದರೆ ಉಪದೇಶವೆಂದು ಕೆಲವರೂ, ದಂಡದಿಂದ ಪಾರಾಗುವ ದಾರಿಯೆಂದು ಮತ್ತೆ ಕೆಲವರೂ ಭಾವಿಸಿರುವುದುಂಟು. ಇವೆರಡೂ ಸರಿಯಲ್ಲ. ಸಾರ್ವಜನಿಕರಿಗೆ ಸ್ಪಷ್ಟ ತಿಳಿವಳಿಕೆ ನೀಡುವ ಉದ್ದೇಶದಿಂದ ಈ ವಿಷಯದ ಮುಖ್ಯಾಂಶಗಳನ್ನು ಕೆಳಗೆ ವಿವರಿಸಲಾಗಿದೆ.

1. ಕಾನೂನಿನ ಉಪಬಂಧಗಳು

ಮೋಟಾರು ವಾಹನಗಳ ಕಾಯಿದೆ, 1988ರ ಕಲಂ 185ರ ಪ್ರಕಾರ, ಚಾಲಕನ 100 ಮಿಲಿಲೀಟರ್ ರಕ್ತದಲ್ಲಿ ಮದ್ಯಸಾರದ ಪ್ರಮಾಣವು 30 ಮಿಲಿಗ್ರಾಂಗಿಂತ ಹೆಚ್ಚಿರುವುದು ಉಸಿರು ಪರೀಕ್ಷೆಯಿಂದ ಅಥವಾ ಪ್ರಯೋಗಾಲಯದ ಪರೀಕ್ಷೆಯಿಂದ ಕಂಡುಬಂದಲ್ಲಿ ಅದು ಅಪರಾಧವಾಗುತ್ತದೆ. 2019ರ ತಿದ್ದುಪಡಿಯಂತೆ ಮೊದಲ ಬಾರಿಯ ಅಪರಾಧಕ್ಕೆ 6 ತಿಂಗಳವರೆಗಿನ ಕಾರಾವಾಸ ಅಥವಾ ರೂ. 10,000 ದಂಡ ಅಥವಾ ಇವೆರಡೂ, ಎರಡನೆಯ ಅಥವಾ ನಂತರದ ಅಪರಾಧಕ್ಕೆ 2 ವರ್ಷಗಳವರೆಗಿನ ಕಾರಾವಾಸ ಅಥವಾ ರೂ. 15,000 ದಂಡ ಅಥವಾ ಇವೆರಡನ್ನೂ ವಿಧಿಸಬಹುದಾಗಿದೆ. ಈ ಅಪರಾಧವನ್ನು ಸ್ಥಳದಲ್ಲಿಯೇ ದಂಡ ಪಾವತಿಸಿ ಮುಕ್ತಾಯಗೊಳಿಸಲು ಕಾಯಿದೆಯಲ್ಲಿ ಅವಕಾಶವಿಲ್ಲ. ಪ್ರಕರಣವು ನ್ಯಾಯಾಲಯದ ಮುಂದೆ ಹೋಗುತ್ತದೆ.

ಚಾಲನಾ ಅನುಜ್ಞಾ ಪತ್ರದ ಮೇಲಿನ ಕ್ರಮವು ಇದರಿಂದ ಪ್ರತ್ಯೇಕವಾದುದು. ಕಲಂ 206ರಂತೆ ಪೊಲೀಸ್ ಅಧಿಕಾರಿಯು ಅನುಜ್ಞಾ ಪತ್ರವನ್ನು ವಶಪಡಿಸಿಕೊಂಡು ಅನುಜ್ಞಾ ಪ್ರಾಧಿಕಾರಕ್ಕೆ ಕಳುಹಿಸಬಹುದು. ಪ್ರಾಧಿಕಾರವು ಚಾಲಕನ ಅಹವಾಲನ್ನು ಆಲಿಸಿದ ನಂತರ, ಕಲಂ 19ರಂತೆ ಮೊದಲ ಅಪರಾಧಕ್ಕೆ 3 ತಿಂಗಳ ಅವಧಿಗೆ ಅನರ್ಹಗೊಳಿಸಬಹುದು. ಮರುಕಳಿಸಿದ ಅಪರಾಧಕ್ಕೆ ಅನುಜ್ಞಾ ಪತ್ರವನ್ನೇ ರದ್ದುಪಡಿಸಬಹುದು. ಅನರ್ಹತೆಯ ಅವಧಿ ಮುಗಿದ ಮಾತ್ರಕ್ಕೆ ಪತ್ರವು ಮರಳಿ ದೊರೆಯುವುದಿಲ್ಲ. ಚಾಲಕರ ಪುನಶ್ಚೇತನ ತರಬೇತಿಯನ್ನು ಯಶಸ್ವಿಯಾಗಿ ಪೂರೈಸಿರಬೇಕು. ಇದಲ್ಲದೆ, ನ್ಯಾಯಾಲಯದಲ್ಲಿ ಅಪರಾಧ ಸಾಬೀತಾದಲ್ಲಿ ಕಲಂ 20ರಂತೆ 6 ತಿಂಗಳಿಗೆ ಕಡಿಮೆಯಿಲ್ಲದ ಅವಧಿಗೆ ಅನರ್ಹತೆಯನ್ನು ವಿಧಿಸಬೇಕಾಗುತ್ತದೆ.

ಕಲಂ 185ರಲ್ಲಿ ಆಪ್ತಸಮಾಲೋಚನೆಯನ್ನು ಶಿಕ್ಷೆಯೆಂದು ಹೇಳಿರುವುದಿಲ್ಲ. ಅದು ಶಿಕ್ಷೆಗೆ ಬದಲಿಯೂ ಅಲ್ಲ. ಅದು ಆರೋಗ್ಯ ಸೇವೆ. ಪ್ರಕರಣ ದಾಖಲಾದವರು ಯಾರ ಆದೇಶಕ್ಕೂ ಕಾಯದೆ ತಾವಾಗಿಯೇ ಈ ಸೇವೆಯನ್ನು ಪಡೆಯಬಹುದಾಗಿದೆ.

2. ಆಪ್ತಸಮಾಲೋಚನೆಯ ಅಗತ್ಯ

ದಂಡವು ಭಯವನ್ನು ಹುಟ್ಟಿಸುತ್ತದೆ. ಆದರೆ ಮದ್ಯ ಸೇವಿಸಿದ ಕೂಡಲೇ ಮೊದಲು ಕುಂದುವುದು ಆ ಭಯವೇ. ಮದ್ಯಸಾರವು ಮಿದುಳಿನಲ್ಲಿ ವಿವೇಚನೆ ಹಾಗೂ ಸಂಯಮವನ್ನು ಕುಗ್ಗಿಸುತ್ತದೆ. ಆದ್ದರಿಂದ "ಇವತ್ತು ಜಾಸ್ತಿ ಆಗಿಲ್ಲ, ಮನೆ ಹತ್ತಿರವೇ ಇದೆ" ಎಂಬ ತೀರ್ಮಾನವನ್ನು ಕೈಗೊಳ್ಳುವುದು ಆಗಲೇ ಮಸುಕಾಗಿರುವ ಮನಸ್ಸು. ವಾಹನವನ್ನು ಮುಟ್ಟಬಾರದೆಂಬ ನಿರ್ಧಾರವು ಮೊದಲ ಲೋಟಕ್ಕೆ ಮುಂಚೆಯೇ ಆಗಿರಬೇಕೆಂಬುದು ಈ ಕ್ಷೇತ್ರದ ಮೂಲಸೂತ್ರವಾಗಿದೆ. ಆಪ್ತಸಮಾಲೋಚನೆಯು ಮಾಡುವ ಕೆಲಸವೂ ಇದೇ ಆಗಿರುತ್ತದೆ.

ಸಿಕ್ಕಿಬಿದ್ದ ದಿನವೇ ತಾನು ಮೊದಲ ಬಾರಿಗೆ ಕುಡಿದು ಚಲಾಯಿಸಿದ್ದೆಂದು ಹಲವರು ಹೇಳುತ್ತಾರೆ. ಪ್ರತಿದಿನ ಪ್ರತಿ ರಸ್ತೆಯಲ್ಲಿ ತಪಾಸಣೆ ನಡೆಯುವುದಿಲ್ಲವಾದ್ದರಿಂದ, ಸಿಕ್ಕಿದ್ದು ಮೊದಲ ಬಾರಿಯಾದರೂ ಚಲಾಯಿಸಿದ್ದು ಮೊದಲ ಬಾರಿಯಲ್ಲದಿರುವ ಸಾಧ್ಯತೆಯೇ ಹೆಚ್ಚು. ಹಾಗಾಗಿ ಆ ಒಂದು ರಾತ್ರಿಯ ಕುರಿತು ಮಾತ್ರವಲ್ಲದೆ, ಅದರ ಹಿಂದಿನ ಅಭ್ಯಾಸದ ಕುರಿತೂ ವಿಚಾರಿಸಲಾಗುತ್ತದೆ.

ಇದರ ಪರಿಣಾಮವನ್ನು ಅತಿಯಾಗಿ ಹೇಳುವುದು ಸಲ್ಲದು. 215 ಅಧ್ಯಯನಗಳನ್ನು ಒಟ್ಟಾಗಿ ಪರಿಶೀಲಿಸಿ 1995ರಲ್ಲಿ ಪ್ರಕಟಿಸಲಾದ ಅಂತರರಾಷ್ಟ್ರೀಯ ವಿಶ್ಲೇಷಣೆಯೊಂದರಲ್ಲಿ, ಇಂತಹ ಕಾರ್ಯಕ್ರಮಗಳಿಂದ ಅಪರಾಧ ಮರುಕಳಿಸುವಿಕೆಯು ಶೇ. 7ರಿಂದ 9ರಷ್ಟು ಕಡಿಮೆಯಾಗಿರುವುದು ಕಂಡುಬಂದಿತು. ಮಾಹಿತಿ ನೀಡಿಕೆ, ಸಮಾಲೋಚನೆ ಹಾಗೂ ನಂತರದ ನಿಗಾ ಈ ಮೂರೂ ಕೂಡಿದ್ದಲ್ಲಿ ಫಲ ಹೆಚ್ಚಿತ್ತು. ಒಂದು ದಿನದ ಭಾಷಣದಿಂದ ಎಲ್ಲವೂ ಬದಲಾಗುವುದಿಲ್ಲ ಎಂಬುದನ್ನು ಅರ್ಜಿದಾರರೂ ಕುಟುಂಬದವರೂ ಅರಿತಿರಬೇಕು.

3. ಮೊದಲ ಹಂತ: ಸ್ಥಿತಿಯ ನಿರ್ಣಯ

ಸಿಕ್ಕಿಬಿದ್ದವರೆಲ್ಲರೂ ಮದ್ಯವ್ಯಸನಿಗಳಲ್ಲ. ಸ್ನೇಹಿತನ ಮದುವೆಯಲ್ಲಿ ಕುಡಿದು ಬೈಕ್ ಹತ್ತಿದ ಯುವಕನಿಗೂ, ಬೆಳಿಗ್ಗೆ ಕೈನಡುಕ ನಿಲ್ಲಿಸಲು ಕುಡಿದು ಲಾರಿ ಏರುವ ಚಾಲಕನಿಗೂ ಒಂದೇ ಸಲಹೆ ಸಾಲದು. ಆದ್ದರಿಂದ ಮೊದಲು ಕುಡಿತದ ಪ್ರಮಾಣವನ್ನು ಅಳೆಯಲಾಗುತ್ತದೆ.

ಇದಕ್ಕಾಗಿ ವಿಶ್ವ ಆರೋಗ್ಯ ಸಂಸ್ಥೆಯು ರೂಪಿಸಿದ 'ಆಡಿಟ್' ಎಂಬ ಪ್ರಶ್ನಾವಳಿಯು ವ್ಯಾಪಕವಾಗಿ ಬಳಕೆಯಲ್ಲಿದೆ. ಇದರಲ್ಲಿ 10 ಪ್ರಶ್ನೆಗಳಿವೆ. ಎಷ್ಟು ಬಾರಿ ಹಾಗೂ ಎಷ್ಟು ಕುಡಿಯಲಾಗುತ್ತದೆ, ಆರಂಭಿಸಿದ ಮೇಲೆ ನಿಲ್ಲಿಸಲು ಆಗದಿರುವುದುಂಟೇ, ಬೆಳಿಗ್ಗೆ ಎದ್ದೊಡನೆ ಕುಡಿಯಬೇಕಾಗುತ್ತದೆಯೇ, ಹಿಂದಿನ ರಾತ್ರಿ ನಡೆದದ್ದು ಮರೆತುಹೋಗಿದೆಯೇ, ತನಗಾಗಲಿ ಇತರರಿಗಾಗಲಿ ಗಾಯವಾಗಿದೆಯೇ ಎಂಬಿತ್ಯಾದಿ ವಿಷಯಗಳನ್ನು ಕೇಳಲಾಗುತ್ತದೆ. ಒಟ್ಟು 40 ಅಂಕಗಳು. ಪ್ರಶ್ನಾವಳಿಯ ಮಾರ್ಗದರ್ಶಿಯಂತೆ ಅಂಕಗಳ ಅರ್ಥ ಹೀಗಿದೆ:

- 0ರಿಂದ 7: ಅಪಾಯ ಕಡಿಮೆ. ಮದ್ಯದ ಕುರಿತು ಮಾಹಿತಿ ಸಾಕು.
- 8ರಿಂದ 15: ಅಪಾಯಕಾರಿ ಕುಡಿತ. ಸರಳ ಸಲಹೆ ಅಗತ್ಯ.
- 16ರಿಂದ 19: ಸಂಕ್ಷಿಪ್ತ ಸಮಾಲೋಚನೆ ಹಾಗೂ ಮುಂದುವರಿದ ನಿಗಾ ಅಗತ್ಯ.
- 20 ಮತ್ತು ಹೆಚ್ಚು: ಅವಲಂಬನೆಯ ಸಾಧ್ಯತೆ ಇರುವುದರಿಂದ ತಜ್ಞ ವೈದ್ಯರ ಪರೀಕ್ಷೆ ಅಗತ್ಯ.

ಚಾಲನೆಯ ವಿಷಯದಲ್ಲಿ ಒಂದು ಎಚ್ಚರಿಕೆ ಅಗತ್ಯ. ಅಂಕ ಕಡಿಮೆ ಇದ್ದ ಮಾತ್ರಕ್ಕೆ ಚಾಲನೆ ಸುರಕ್ಷಿತವೆಂದು ಅರ್ಥವಲ್ಲ. ವರ್ಷಕ್ಕೊಮ್ಮೆ ಕುಡಿಯುವವನೂ ಆ ಒಂದು ದಿನ ಮತ್ತೊಬ್ಬರ ಪ್ರಾಣಕ್ಕೆ ಎರವಾಗಬಹುದು.

ಉತ್ತರಗಳು ಸತ್ಯವಾಗಿರಬೇಕಾದುದು ಇಲ್ಲಿ ಅತಿ ಮುಖ್ಯ. ದಿನಕ್ಕೆ ಒಂದು ಕ್ವಾರ್ಟರ್ ಕುಡಿಯುವವರು "ವಾರಕ್ಕೊಮ್ಮೆ ಎರಡು ಪೆಗ್" ಎಂದು ಹೇಳಿದಲ್ಲಿ, ಅವರಿಗೆ ಅಗತ್ಯವಿರುವ ವೈದ್ಯಕೀಯ ಚಿಕಿತ್ಸೆಯ ಬದಲು ಕೇವಲ ಸಲಹೆ ದೊರೆಯುತ್ತದೆ. ಅದರಿಂದಾಗುವ ಹಾನಿ ಅವರದೇ ಆಗಿರುತ್ತದೆ.

4. ಆಪ್ತಸಮಾಲೋಚನೆಯ ವಿಧಾನಗಳು

(ಅ) ಮಾಹಿತಿ ನೀಡಿಕೆ

ಮದ್ಯದ ಬಗೆಗಿನ ತಪ್ಪು ಕಲ್ಪನೆಗಳನ್ನು ಮೊದಲು ನಿವಾರಿಸಲಾಗುತ್ತದೆ. ಶೇ. 42.8ರಷ್ಟು ಮದ್ಯಸಾರವಿರುವ ವಿಸ್ಕಿ, ರಮ್ ಅಥವಾ ಬ್ರಾಂದಿಯ 30 ಮಿಲಿಲೀಟರಿನಲ್ಲಿ ಸುಮಾರು 10 ಗ್ರಾಂ ಶುದ್ಧ ಮದ್ಯಸಾರವಿರುತ್ತದೆ. 180 ಮಿಲಿಲೀಟರಿನ ಒಂದು ಕ್ವಾರ್ಟರಿನಲ್ಲಿ ಇದು ಸುಮಾರು 60 ಗ್ರಾಂ. ಶೇ. 8ರಷ್ಟು ಮದ್ಯಸಾರವಿರುವ ಸ್ಟ್ರಾಂಗ್ ಬಿಯರಿನ 650 ಮಿಲಿಲೀಟರ್ ಬಾಟಲಿಯಲ್ಲಿ ಸುಮಾರು 40 ಗ್ರಾಂ ಇರುತ್ತದೆ. ಎಂದರೆ "ಬರೀ ಬಿಯರ್" ಎನ್ನುವ ಒಂದು ಬಾಟಲಿಯು 30 ಮಿಲಿಲೀಟರಿನ ನಾಲ್ಕು ಪೆಗ್‌ಗಳಿಗೆ ಸಮಾನ.

60 ಕಿಲೋಗ್ರಾಂ ತೂಕದ ಪುರುಷನೊಬ್ಬನಲ್ಲಿ 10 ಗ್ರಾಂ ಮದ್ಯಸಾರವು ರಕ್ತದ ಪ್ರಮಾಣವನ್ನು ಸುಮಾರು 25 ಮಿಲಿಗ್ರಾಂನಷ್ಟು ಏರಿಸುತ್ತದೆ. ಅದೇ ತೂಕದ ಮಹಿಳೆಯಲ್ಲಿ ಇದು ಸಾಮಾನ್ಯವಾಗಿ ಇನ್ನೂ ಹೆಚ್ಚಿರುತ್ತದೆ. 60 ಮಿಲಿಲೀಟರಿನ ಒಂದೇ ಪೆಗ್ ಕೂಡ ಕಾನೂನಿನ ಮಿತಿಯನ್ನು ಮೀರಿಸಬಹುದೆಂಬುದು ಇದರಿಂದ ತಿಳಿಯುತ್ತದೆ.

ದೇಹವು ಮದ್ಯಸಾರವನ್ನು ಕರಗಿಸುವ ವೇಗ ಗಂಟೆಗೆ ಸುಮಾರು 15 ಮಿಲಿಗ್ರಾಂ ಮಾತ್ರ. ಮೇಲ್ಕಂಡ ವ್ಯಕ್ತಿಯು ರಾತ್ರಿ 11ಕ್ಕೆ ಒಂದು ಕ್ವಾರ್ಟರ್ ಮುಗಿಸಿದನೆಂದು ಭಾವಿಸಿದಲ್ಲಿ ಅವನ ರಕ್ತದ ಪ್ರಮಾಣ ಸುಮಾರು 150 ಮಿಲಿಗ್ರಾಂ ಆಗಿರುತ್ತದೆ. ಅದು 30ಕ್ಕೆ ಇಳಿಯಲು ಸುಮಾರು 8 ಗಂಟೆ ಬೇಕು. ಎಂದರೆ ನಿದ್ದೆ ಮಾಡಿ, ಸ್ನಾನ ಮಾಡಿ, ತಿಂಡಿ ತಿಂದು ಬೆಳಿಗ್ಗೆ 6ಕ್ಕೆ ಶಾಲಾ ವಾಹನ ಹತ್ತಿದ ಚಾಲಕನು ಆಗಲೂ ಮಿತಿಯನ್ನು ಮೀರಿರುತ್ತಾನೆ. ಕಾಫಿ, ಮಜ್ಜಿಗೆ, ನಿಂಬೆರಸ, ತಣ್ಣೀರು ಸ್ನಾನ ಇವಾವುವೂ ಈ ವೇಗವನ್ನು ಹೆಚ್ಚಿಸುವುದಿಲ್ಲ. ಈ ಅಂಕಿಗಳು ಅಂದಾಜಿನವು. ವ್ಯಕ್ತಿಯಿಂದ ವ್ಯಕ್ತಿಗೆ ಬದಲಾಗುತ್ತವೆ. ಇವನ್ನು ಆಧರಿಸಿ ಎಷ್ಟು ಕುಡಿದು ಚಲಾಯಿಸಬಹುದೆಂದು ಲೆಕ್ಕ ಹಾಕುವುದು ಸರ್ವಥಾ ಸಲ್ಲದು.

(ಆ) ಸಂಕ್ಷಿಪ್ತ ಸಲಹೆ

ಕೆಲವು ನಿಮಿಷಗಳಿಂದ ಅರ್ಧ ಗಂಟೆಯವರೆಗಿನ ಒಂದೆರಡು ಭೇಟಿಗಳಲ್ಲಿ ಇದನ್ನು ನೀಡಲಾಗುತ್ತದೆ. ಪ್ರಶ್ನಾವಳಿಯ ಅಂಕವನ್ನು ವ್ಯಕ್ತಿಗೆ ತಿಳಿಸಿ, ಬದಲಾವಣೆಯ ಹೊಣೆ ಅವರದೇ ಎಂಬುದನ್ನು ಸ್ಪಷ್ಟಪಡಿಸಿ, ನೇರವಾದ ಸಲಹೆ ಕೊಟ್ಟು, ಆಯ್ಕೆಗಳನ್ನು ಮುಂದಿಡಲಾಗುತ್ತದೆ. ಆಕ್ಷೇಪಿಸುವ ಧ್ವನಿ ಇರುವುದಿಲ್ಲ. ಅವಲಂಬನೆಯ ಮಟ್ಟಕ್ಕೆ ಹೋಗದವರಿಗೆ ಈ ವಿಧಾನ ಸೂಕ್ತವಾದುದು.

(ಇ) ಪ್ರೇರಣಾ ಸಂವಾದ

ಅಮೆರಿಕದ ಮನಶ್ಶಾಸ್ತ್ರಜ್ಞ ವಿಲಿಯಂ ಮಿಲ್ಲರ್ ಅವರು 1983ರಲ್ಲಿ ಈ ವಿಧಾನವನ್ನು ಮೊದಲು ವಿವರಿಸಿದರು. ನಂತರ ಸ್ಟೀಫನ್ ರೋಲ್ನಿಕ್ ಅವರೊಂದಿಗೆ ಅದನ್ನು ಬೆಳೆಸಿದರು. ಪೊಲೀಸರಿಗೆ ಸಿಕ್ಕು ಬಂದವರಲ್ಲಿ ಬಹುಮಂದಿ ಸಿಟ್ಟಿನಲ್ಲಿರುತ್ತಾರೆ; "ಎಲ್ಲರೂ ಕುಡಿಯುತ್ತಾರೆ, ನಾನು ಮಾತ್ರ ಸಿಕ್ಕಿಬಿದ್ದೆ" ಎಂಬ ಭಾವ ಅವರದು. ಇಂತಹವರೊಡನೆ ವಾದಕ್ಕಿಳಿದಷ್ಟೂ ಅವರು ತಮ್ಮ ಕುಡಿತವನ್ನು ಸಮರ್ಥಿಸಿಕೊಳ್ಳುತ್ತಾರೆ. ಆದ್ದರಿಂದ ಸಮಾಲೋಚಕರು ವಾದಿಸದೆ ಪ್ರಶ್ನಿಸುತ್ತಾರೆ.

ಉದಾಹರಣೆಗೆ, ಬಾಡಿಗೆ ಕಾರಿನ ಚಾಲಕನೊಬ್ಬನಿಗೆ "ಕುಡಿಯುವುದು ತಪ್ಪು" ಎನ್ನುವುದರ ಬದಲು, "ನಿಮ್ಮ ದುಡಿಮೆಗೆ ಈ ಅನುಜ್ಞಾ ಪತ್ರ ಎಷ್ಟು ಮುಖ್ಯ?", "ಮೂರು ತಿಂಗಳು ಗಾಡಿ ನಿಂತರೆ ಸಾಲದ ಕಂತು ಹೇಗೆ ಕಟ್ಟುವಿರಿ?", "ಆ ರಾತ್ರಿ ಬೇರೆ ಏನು ಮಾಡಬಹುದಿತ್ತು?" ಎಂದು ಕೇಳಲಾಗುತ್ತದೆ. ಬದಲಾಗಬೇಕಾದ ಕಾರಣವನ್ನು ಆತ ತನ್ನ ಬಾಯಿಂದಲೇ ಹೇಳಿದಾಗ ಅದು ಇತರರ ಬುದ್ಧಿವಾದಕ್ಕಿಂತ ಹೆಚ್ಚು ಕಾಲ ನಿಲ್ಲುತ್ತದೆ. ಸಮಾಲೋಚನೆಯಲ್ಲಿ 'ಕುಡುಕ' ಎಂಬ ಪದವನ್ನು ಬಳಸದಿರುವುದೂ ಇದೇ ಕಾರಣಕ್ಕೆ.

(ಈ) ಆಲೋಚನೆ ಹಾಗೂ ವರ್ತನೆಯ ತರಬೇತಿ

ಯಾವ ಸನ್ನಿವೇಶದಲ್ಲಿ ಕುಡಿತ ಮತ್ತು ಚಾಲನೆ ಒಂದಾಗುತ್ತವೆ ಎಂಬುದನ್ನು ಗುರುತಿಸಿ ಅವೆರಡನ್ನೂ ಬೇರ್ಪಡಿಸುವುದು ಇದರ ಉದ್ದೇಶ. ಸಂಬಳದ ದಿನ, ಹೆದ್ದಾರಿಯ ಢಾಬಾ, ಊರ ಜಾತ್ರೆ, ಕೆಲಸ ಮುಗಿದ ಮೇಲೆ ಸ್ನೇಹಿತರ ಕೂಟ ಹೀಗೆ ಪಟ್ಟಿ ಮಾಡಿ, ಪ್ರತಿಯೊಂದಕ್ಕೂ ಲಿಖಿತ ಯೋಜನೆ ಸಿದ್ಧಪಡಿಸಲಾಗುತ್ತದೆ. ಸಾಮಾನ್ಯವಾಗಿ ಅದರಲ್ಲಿ ಈ ಕೆಳಕಂಡ ಅಂಶಗಳಿರುತ್ತವೆ:

- ಕುಡಿಯುವ ಸಂಭವವಿರುವ ಕಡೆಗೆ ವಾಹನವನ್ನು ಕೊಂಡೊಯ್ಯದೆ ಬಸ್, ಮೆಟ್ರೊ ಅಥವಾ ಆಟೋದಲ್ಲಿ ಹೋಗುವುದು.
- ವಾಹನ ಕೊಂಡೊಯ್ದಿದ್ದಲ್ಲಿ ಕುಡಿಯದಿರುವುದು. ಕುಡಿಯದವರ ಕೈಗೆ ಮೊದಲೇ ಕೀಲಿ ಒಪ್ಪಿಸುವುದು.
- "ಒಂದೇ ಒಂದು" ಎಂದು ಒತ್ತಾಯಿಸುವವರಿಗೆ ಬೇಡವೆನ್ನುವ ಮಾತನ್ನು ಮೊದಲೇ ಅಭ್ಯಾಸ ಮಾಡಿಕೊಳ್ಳುವುದು.
- ಮರುದಿನ ಬೆಳಿಗ್ಗೆ ಚಾಲನೆಯ ಕರ್ತವ್ಯವಿದ್ದಲ್ಲಿ ಹಿಂದಿನ ರಾತ್ರಿ ಕುಡಿಯದಿರುವುದು.

ಕುಡಿತ ಬಿಟ್ಟವರು ಎಂದೋ ಒಮ್ಮೆ ಎಡವುವ ಸಂಭವವುಂಟು. ಒಂದು ದಿನದ ಎಡವುವಿಕೆಯನ್ನು ಸಂಪೂರ್ಣ ಸೋಲೆಂದು ತಿಳಿದು ಮತ್ತೆ ಹಳೆಯ ದಾರಿಗೆ ಬೀಳದಿರುವ ಕ್ರಮವನ್ನೂ ಇಲ್ಲಿ ಕಲಿಸಲಾಗುತ್ತದೆ.

(ಉ) ಗುಂಪು ಸಮಾಲೋಚನೆ ಹಾಗೂ ಸ್ವಸಹಾಯ ಕೂಟಗಳು

ಒಂದೇ ಬಗೆಯ ತೊಂದರೆಯುಳ್ಳವರು ಒಟ್ಟಿಗೆ ಕುಳಿತಾಗ, ಒಬ್ಬರ ಸಬೂಬನ್ನು ಮತ್ತೊಬ್ಬರು ಬೇಗ ಗುರುತಿಸುತ್ತಾರೆ. 1935ರಲ್ಲಿ ಅಮೆರಿಕದಲ್ಲಿ ಆರಂಭವಾದ ಆಲ್ಕೋಹಾಲಿಕ್ಸ್ ಅನಾನಿಮಸ್ ಕೂಟಗಳು ಕರ್ನಾಟಕದಲ್ಲಿಯೂ ನಡೆಯುತ್ತಿವೆ. ಇವುಗಳಿಗೆ ಶುಲ್ಕವಿಲ್ಲ. ಸದಸ್ಯರ ಗುರುತನ್ನು ಬಹಿರಂಗಪಡಿಸುವುದಿಲ್ಲ.

(ಊ) ಕುಟುಂಬದವರೊಡನೆ ಸಮಾಲೋಚನೆ

ವ್ಯಕ್ತಿಯ ಒಪ್ಪಿಗೆಯ ಮೇರೆಗೆ ಪತ್ನಿ, ಪತಿ ಅಥವಾ ತಂದೆತಾಯಿಯರನ್ನೂ ಕರೆಯಲಾಗುತ್ತದೆ. ಕುಡಿದು ಬಂದ ಹೊತ್ತಿನಲ್ಲಿ ಜಗಳಕ್ಕಿಳಿಯದಿರುವುದು, ಅವರ ಪರವಾಗಿ ಸುಳ್ಳು ಹೇಳದಿರುವುದು, ವಾಹನದ ಕೀಲಿಯ ವಿಷಯದಲ್ಲಿ ಮನೆಯ ನಿಯಮ ಮಾಡಿಕೊಳ್ಳುವುದು ಇತ್ಯಾದಿ ಸಲಹೆ ನೀಡಲಾಗುತ್ತದೆ. ಹಿಂಸೆ ನಡೆಯುತ್ತಿದ್ದಲ್ಲಿ ಕುಟುಂಬದವರ ರಕ್ಷಣೆಯೇ ಮೊದಲ ಆದ್ಯತೆಯಾಗಿರುತ್ತದೆ.

5. ವೈದ್ಯಕೀಯ ಚಿಕಿತ್ಸೆ ಅಗತ್ಯವಿರುವವರು

ಪ್ರತಿದಿನ ಹೆಚ್ಚು ಪ್ರಮಾಣದಲ್ಲಿ ಕುಡಿಯುವವರು ಪ್ರಕರಣದ ಭಯದಿಂದ ಹಠಾತ್ತಾಗಿ ಕುಡಿತ ನಿಲ್ಲಿಸುವುದು ಅಪಾಯಕಾರಿಯಾಗಬಹುದು. ಕೈನಡುಕ, ಬೆವರು, ನಿದ್ರಾಹೀನತೆ ಕೆಲವೇ ಗಂಟೆಗಳಲ್ಲಿ ಕಾಣಿಸಿಕೊಳ್ಳುತ್ತವೆ. ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೆಯ ದಿನದೊಳಗೆ ಗೊಂದಲ, ಇಲ್ಲದ್ದು ಕಾಣುವುದು, ಜ್ವರ ಇವುಗಳಿಂದ ಕೂಡಿದ ಸನ್ನಿಯಂತಹ ಸ್ಥಿತಿ ಉಂಟಾಗಿ ಪ್ರಾಣಾಪಾಯವೂ ಸಂಭವಿಸಬಹುದು. ಇಂತಹವರು ವೈದ್ಯರ ಮೇಲ್ವಿಚಾರಣೆಯಲ್ಲಿಯೇ ಕುಡಿತವನ್ನು ನಿಲ್ಲಿಸತಕ್ಕದ್ದು. ಈ ಲಕ್ಷಣಗಳು ಕಂಡುಬಂದಲ್ಲಿ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಬೇಕು.

ಕುಡಿತದ ಬಯಕೆ ತಗ್ಗಿಸುವ ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್ ಮುಂತಾದ ಔಷಧಗಳು ಲಭ್ಯವಿವೆ. ಡೈಸಲ್ಫಿರಾಮ್ ಎಂಬ ಔಷಧವನ್ನು ಸೇವಿಸಿದವರು ಕುಡಿದಲ್ಲಿ ತೀವ್ರ ಪ್ರತಿಕ್ರಿಯೆ ಉಂಟಾಗುತ್ತದೆ. ಆದ್ದರಿಂದ ಇದನ್ನು ವ್ಯಕ್ತಿಗೆ ತಿಳಿಯದಂತೆ ಊಟದಲ್ಲಿ ಬೆರೆಸುವುದು ಪ್ರಾಣಕ್ಕೆ ಅಪಾಯಕಾರಿ. ಕುಡಿತ ಬಿಡಿಸುವುದೆಂದು ಗುಟ್ಟಾಗಿ ಮಾರಲಾಗುವ ಪುಡಿಗಳನ್ನು ಸಾರ್ವಜನಿಕರು ಬಳಸಬಾರದು.

6. ಗೋಪ್ಯತೆ

ಮಾನಸಿಕ ಆರೋಗ್ಯ ಸೇವಾ ಕಾಯಿದೆ, 2017ರಲ್ಲಿ ಮದ್ಯ ಹಾಗೂ ಮಾದಕ ವಸ್ತುಗಳ ದುರ್ಬಳಕೆಗೆ ಸಂಬಂಧಿಸಿದ ಮಾನಸಿಕ ಸ್ಥಿತಿಗಳನ್ನೂ ಮಾನಸಿಕ ಅಸ್ವಸ್ಥತೆಯ ವ್ಯಾಖ್ಯೆಯಲ್ಲಿ ಸೇರಿಸಲಾಗಿದೆ. ಚಿಕಿತ್ಸೆ ಪಡೆಯುವವರ ಮಾಹಿತಿಯ ಗೋಪ್ಯತೆಯನ್ನು ಸದರಿ ಕಾಯಿದೆಯ ಕಲಂ 23 ರಕ್ಷಿಸುತ್ತದೆ. ಇತರರಿಗೆ ಹಾನಿಯಾಗುವುದನ್ನು ತಡೆಯುವುದು, ನ್ಯಾಯಾಲಯ ಅಥವಾ ಸಕ್ಷಮ ಪ್ರಾಧಿಕಾರದ ಆದೇಶ ಮುಂತಾದ, ಕಾಯಿದೆಯಲ್ಲಿಯೇ ತಿಳಿಸಲಾದ ಸಂದರ್ಭಗಳು ಮಾತ್ರ ಇದಕ್ಕೆ ಹೊರತಾಗಿವೆ. ಗೋಪ್ಯತೆಯ ಮಿತಿಗಳೇನೆಂದು ಮೊದಲ ಭೇಟಿಯಲ್ಲಿಯೇ ಸಮಾಲೋಚಕರನ್ನು ಕೇಳಿ ತಿಳಿದುಕೊಳ್ಳಬಹುದು.

7. ಸೇವೆ ದೊರೆಯುವ ಸ್ಥಳಗಳು

- ಜಿಲ್ಲಾ ಆಸ್ಪತ್ರೆಗಳ ಮನೋರೋಗ ವಿಭಾಗ ಹಾಗೂ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ. 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ನಿಮ್ಹಾನ್ಸ್ ನಡೆಸಿದ ಪ್ರಯೋಗದ ಮಾದರಿಯಲ್ಲಿ ಈ ಕಾರ್ಯಕ್ರಮವನ್ನು 1996ರಲ್ಲಿ ದೇಶಮಟ್ಟದಲ್ಲಿ ಆರಂಭಿಸಲಾಯಿತು.
- ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ವ್ಯಸನ ಚಿಕಿತ್ಸಾ ಕೇಂದ್ರ ಹಾಗೂ ಧಾರವಾಡದ ಡಿಮ್ಹಾನ್ಸ್ ಸಂಸ್ಥೆ.
- ಟೆಲಿ-ಮಾನಸ್ ಉಚಿತ ದೂರವಾಣಿ 14416. ಅಕ್ಟೋಬರ್ 2022ರಲ್ಲಿ ಆರಂಭವಾದ ಈ ಸೇವೆಯಲ್ಲಿ ದಿನದ 24 ಗಂಟೆಯೂ ಕನ್ನಡದಲ್ಲಿ ಮಾತನಾಡಬಹುದು.
- ರಾಷ್ಟ್ರೀಯ ವ್ಯಸನಮುಕ್ತಿ ಸಹಾಯವಾಣಿ 14446.

ಖಾಸಗಿ ವ್ಯಸನಮುಕ್ತಿ ಕೇಂದ್ರಕ್ಕೆ ದಾಖಲಾಗುವ ಮುನ್ನ ಅದು ನೋಂದಣಿಯಾಗಿದೆಯೇ ಹಾಗೂ ಅಲ್ಲಿ ವೈದ್ಯರು ಲಭ್ಯರಿರುವರೇ ಎಂಬುದನ್ನು ಖಚಿತಪಡಿಸಿಕೊಳ್ಳಬೇಕು. ಹೊಡೆಯುವುದು, ಕಟ್ಟಿಹಾಕುವುದು, ಬಲವಂತವಾಗಿ ಕೂಡಿಹಾಕುವುದು ಚಿಕಿತ್ಸೆಯಲ್ಲ.

8. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಆಪ್ತಸಮಾಲೋಚನೆಗೆ ಹಾಜರಾದಲ್ಲಿ ಪ್ರಕರಣ ರದ್ದಾಗುವುದೇ?
ಉತ್ತರ: ಇಲ್ಲ. ಹಾಜರಾತಿಯ ಪ್ರಮಾಣಪತ್ರವನ್ನು ವಕೀಲರ ಮೂಲಕ ನ್ಯಾಯಾಲಯದ ಗಮನಕ್ಕೆ ತರಬಹುದು. ಅದನ್ನು ಪರಿಗಣಿಸುವುದು ನ್ಯಾಯಾಲಯದ ವಿವೇಚನೆಗೆ ಬಿಟ್ಟದ್ದು.

ಪ್ರಶ್ನೆ: ಇದರಿಂದ ಪುನಶ್ಚೇತನ ತರಬೇತಿಯಿಂದ ವಿನಾಯಿತಿ ದೊರೆಯುವುದೇ?
ಉತ್ತರ: ಇಲ್ಲ. ತರಬೇತಿಯು ಚಾಲನೆಗೆ ಸಂಬಂಧಿಸಿದ್ದು. ಸಮಾಲೋಚನೆಯು ಕುಡಿತಕ್ಕೆ ಸಂಬಂಧಿಸಿದ್ದು. ಎರಡೂ ಪ್ರತ್ಯೇಕ.

ಪ್ರಶ್ನೆ: ಸಮಾಲೋಚನೆಗೆ ಹೋದಲ್ಲಿ ಮದ್ಯವನ್ನು ಪೂರ್ಣವಾಗಿ ಬಿಡಲೇಬೇಕೇ?
ಉತ್ತರ: ಅವಲಂಬನೆ ಇರುವವರಿಗೆ ಪೂರ್ಣ ವರ್ಜನೆಯನ್ನೇ ಸಾಮಾನ್ಯವಾಗಿ ಸಲಹೆ ಮಾಡಲಾಗುತ್ತದೆ. ಉಳಿದವರ ವಿಷಯದಲ್ಲಿ ಗುರಿಯನ್ನು ವ್ಯಕ್ತಿ ಹಾಗೂ ಸಮಾಲೋಚಕರು ಕೂಡಿ ನಿರ್ಧರಿಸುತ್ತಾರೆ. ಕುಡಿದ ಮೇಲೆ ವಾಹನ ಮುಟ್ಟಬಾರದೆಂಬುದು ಮಾತ್ರ ಎಲ್ಲರಿಗೂ ಸಮಾನ.

ಪ್ರಶ್ನೆ: ಕುಟುಂಬದ ಸದಸ್ಯನು ಬರಲು ಒಪ್ಪದಿದ್ದಲ್ಲಿ ಏನು ಮಾಡಬೇಕು?
ಉತ್ತರ: ಕುಟುಂಬದವರು ತಾವೇ ಮೊದಲು ಸಹಾಯವಾಣಿಗೆ ಕರೆ ಮಾಡಿ ಸಲಹೆ ಪಡೆಯಬಹುದು. ಕುಡಿಯದಿರುವ ಹೊತ್ತಿನಲ್ಲಿ, ಸಮಾಧಾನದಿಂದ, ನಡೆದ ಘಟನೆಯನ್ನಷ್ಟೇ ಮುಂದಿಟ್ಟು ಮಾತನಾಡುವುದು ಉತ್ತಮ.

ಪ್ರಕರಣ ದಾಖಲಾದ ಮೊದಲ ಕೆಲವು ವಾರಗಳಲ್ಲಿ ಬದಲಾವಣೆಯ ಬಗ್ಗೆ ಯೋಚಿಸಲು ಮನಸ್ಸು ಹೆಚ್ಚು ಸಿದ್ಧವಿರುತ್ತದೆ. ದಂಡ ಕಟ್ಟಿ, ಅನುಜ್ಞಾ ಪತ್ರ ಮರಳಿ ಬಂದ ನಂತರ ಆ ಆಸಕ್ತಿ ಕುಂದುವುದು ಸಹಜ. ಆದ್ದರಿಂದ ಸಂಬಂಧಪಟ್ಟವರು ನ್ಯಾಯಾಲಯದ ದಿನಾಂಕಕ್ಕಾಗಿ ಕಾಯದೆ, ಸಮೀಪದ ಜಿಲ್ಲಾ ಆಸ್ಪತ್ರೆಯನ್ನು ಅಥವಾ ಮೇಲ್ಕಂಡ ಸಹಾಯವಾಣಿಗಳನ್ನು ಕೂಡಲೇ ಸಂಪರ್ಕಿಸಲು ಕೋರಲಾಗಿದೆ.